ಆಯಿಯ ಅಲುಗಾಡುವ ಮಂಚ

ರಸ್ತೆಗೆ ಡಾಂಬರು ಹಾಕುವ ವಾಸನೆ ಬಂದರೆ ನನಗೆ ನಿದ್ದೆ ಎಳೆಯುತ್ತದೆ. ನಗಬೇಡಿ. ಕೃಷ್ಣೆಯ ದಂಡೆಯಲ್ಲಿ, ದಿಗ್ಗೇವಾಡಿಯ ಹತ್ತಿರ, ನಮ್ಮಜ್ಜನ ದೋಣಿಗೆ ಪ್ರತಿ ಬೇಸಿಗೆ ಡಾಂಬರು ಬಳಿಯುತ್ತಿದ್ದರು. ಗೋಣಿತಟ್ಟು ಹೊಲಿದು ಮಾಡಿದ ಹಾಯಿ, ಹಿಂದಿನ ತುದಿಯಲ್ಲಿ ಬಿದಿರ ತಟ್ಟಿ ಹೊದಿಸಿದ ಒಂದು ಗೂಡು. ಒಳಗೆ ಕೌದಿ ಹಾಸಿದರೆ ಒಬ್ಬರು ಆರಾಮಾಗಿ ಕಾಲು ಚಾಚಬಹುದು. ಅಜ್ಜಿ ಮಲಗಿದರೆ ಮಗ್ಗುಲಲ್ಲಿ ನಾನು ಮುದುಡಿಕೊಳ್ಳುತ್ತಿದ್ದೆ. ಸಂತೆಗೆ ಹೇರಿದ ಬೆಲ್ಲದ ಪೆಂಟೆಗಳ ಬಿಸಿ ವಾಸನೆ, ಬೆನ್ನಡಿಯಲ್ಲಿ ನೀರಿನ ಗುಳುಗುಳು. ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಮನೆಯಲ್ಲಿ ಇಡೀ ರಾತ್ರಿ ಕಣ್ಣು ತೆರೆದೇ ಇರುವ ಆಯಿ, ಮಧ್ಯಾಹ್ನ ಆ ಗೂಡಿನಲ್ಲಿ ಮಾತ್ರ ನಿದ್ದೆ ಹೋಗುತ್ತಿದ್ದಳು. ಅವಳಿಗಾಗಿ ಅಜ್ಜ ದೋಣಿಯನ್ನು ದಡಕ್ಕೆ ಹಚ್ಚದೆ ತೇಲಲು ಬಿಡುತ್ತಿದ್ದ.

"ಕಾಕಾ, ಘಾಟ ದಾಟಿ ಹೊಂಟೀರಿ ನೋಡ್ರಿ!" ಎಂದು, ಇಳಿಯುವ ಘಟ್ಟ ಹಿಂದೆ ಬಿದ್ದದ್ದು ಕಂಡು, ದೋಣಿಯಲ್ಲಿ ಸಂತೆಗೆ ಹೊರಟವರು ಅಜ್ಜನನ್ನು ಕೂಗುತ್ತಿದ್ದರು.

"ಸುಮ್ಮ ಕುಂದ್ರೋ. ಈಗರೆ ಕಣ್ಣ ಹತ್ಯಾವ ಆಕಿಗೆ."

ಆಮೇಲೆ ಸೇತುವೆ ಬಂತು, ದೋಣಿಗೆ ಕೆಲಸವಿಲ್ಲದಂತಾಯಿತು. ಅಜ್ಜ ದೋಣಿ ಬಿಚ್ಚಿ, ಅದರ ಹಲಗೆಗಳಿಂದ ಆಯಿಗೆ ಒಂದು ಮಂಚ ಮಾಡಿಸಿದ. ಅದರ ಮೇಲೆ ಅವಳಿಗೆ ಮನೆಯಲ್ಲೂ ನಿದ್ದೆ ಹತ್ತುತ್ತಿತ್ತು. ಅಜ್ಜ ತೀರಿದ ಮೇಲೆ ಆಯಿಯನ್ನೂ ಮಂಚವನ್ನೂ ಚಿಕ್ಕೋಡಿಯ ನನ್ನ ಮನೆಗೆ ತಂದೆ. ಮಂಚದ ಒಂದು ಕಾಲು ಗಿಡ್ಡ, ಹೊರಳಿದರೆ ಅಲುಗಾಡುತ್ತಿತ್ತು. ಮರುದಿನವೇ ಬಡಿಗನನ್ನು ಕರೆಸಿ, ಕಾಲಿಗೆ ಚಕ್ಕೆ ಕೊಡಿಸಿ ಸಮ ಮಾಡಿಸಿದೆ. "ಛಲೋ ಆತು" ಎಂದಳು ಆಯಿ. ಅಂದಿನಿಂದ ಅವಳಿಗೆ ನಿದ್ದೆ ಇಲ್ಲ. ಡಾಕ್ಟರಿಗೆ ತೋರಿಸಿದೆ, ಗುಳಿಗೆ ನುಂಗಿಸಿದೆ. ತಿಂಗಳಾದ ಮೇಲೆ, ನಾನು ಪೀಡಿಸಿದ್ದಕ್ಕೆ, ಮೆಲ್ಲಗೆ ಹೇಳಿದಳು:

"ನಿಮ್ಮಜ್ಜ ಬೇಕಂತನ ಆ ಕಾಲ ಕೊರದಿದ್ದ. ದೋಣಿ ಹಂಗ ತೂಗಲಿ ಅಂತ."

"ಮೊದಲ ಯಾಕ ಹೇಳಲಿಲ್ಲ ಬೇ ಆಯಿ?"

"ನೀ ಎಷ್ಟ ಹಿಗ್ಗಿಲೆ ಮಾಡಿಸಿದ್ದಿ."

ನನಗೆ ನಾಚಿಕೆಯಾಯಿತು. ಚಕ್ಕೆ ಕಿತ್ತು ಹಿತ್ತಲಿಗೆ ಎಸೆದೆ. ಆ ಮಧ್ಯಾಹ್ನ ಮಂಚದ ತುದಿಯಲ್ಲಿ ಕುಳಿತು ಮೆಲ್ಲಗೆ ತೂಗಿದೆ. ಆಯಿಯ ಕಣ್ಣು ಮುಚ್ಚಿದವು. ಅರೆನಿದ್ದೆಯಲ್ಲಿ ಕೇಳಿದಳು, "ಘಾಟ ದಾಟಿದಿವೇನ?"

"ದಾಟೇವಿ. ನೀ ಮಲಕ್ಕೊ."

ಆಯಿ ಹೋಗಿ ಬಹಳ ವರ್ಷಗಳಾದವು. ಮಂಚ ಈಗಲೂ ಅಲುಗಾಡುತ್ತದೆ. ಮನೆಗೆ ಬಂದವರೆಲ್ಲ ಬಡಿಗನನ್ನು ಕರೆಸು ಎನ್ನುತ್ತಾರೆ. ಕರೆಸುತ್ತೇನೆ ಎಂದು ಹೇಳಿ, ಅವರು ಹೋದ ಮೇಲೆ ಮಲಗುತ್ತೇನೆ.