ಕೊಬ್ಬರಿ ಅಟ್ಟದ ಕೆಳಗಿನ ಹಾಸ್ಟೆಲ್

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ. ಬೇಲೂರಿನಲ್ಲಿ, ಆಮೇಲೆ ಅರಸೀಕೆರೆಯಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನ ವಾರ್ಡನ್ ಆಗಿದ್ದವಳಿಗೆ ಇನ್ನೇನು ಬರುತ್ತದೆ ಹೇಳಿ. ನಿವೃತ್ತಿಯಾದ ಮೇಲಾದರೂ ತಣ್ಣಗಿರೋಣ ಎಂದುಕೊಂಡರೆ ಜನ ಬಿಡಬೇಕಲ್ಲ. ಮಗಳಿಗೆ ದೂರದೂರಿನ ಕಾಲೇಜಿನಲ್ಲಿ ಸೀಟು ಸಿಕ್ಕಿತು ಎಂದರೆ ಸಾಕು, ಅಪ್ಪ ಅಮ್ಮ ಸಿಹಿ ಹಿಡಿದುಕೊಂಡು ನನ್ನ ಮನೆ ಬಾಗಿಲಿಗೆ ಬರುತ್ತಾರೆ. ಏನೇನು ಕಟ್ಟಿಕೊಡಬೇಕು, ಬೀಗ ಎಂಥದ್ದು, ಬಕೆಟ್ಟು ಇಲ್ಲಿಂದಲೇ ಒಯ್ಯುವುದೋ ಅಲ್ಲೇ ಕೊಳ್ಳುವುದೋ. ಹಳೇಬೀಡಿನ ಒಂದು ಮನೆಯವರು ಮಗಳ ಜೊತೆ ಒರಳುಕಲ್ಲು ಕಳಿಸಲು ಹೊರಟಿದ್ದರು. ಮಿಕ್ಸಿ ಚಟ್ನಿ ಅವಳಿಗೆ ಸೇರುವುದಿಲ್ಲವಂತೆ. ಅದನ್ನು ಮಹಡಿ ಮೇಲೆ ಹೊರುವವರು ಯಾರು ಸ್ವಾಮಿ ಎಂದು ಕೇಳಿದ್ದಕ್ಕೆ ಆ ತಂದೆ ಗಂಭೀರವಾಗಿ ಯೋಚಿಸಿ, ಹಾಗಾದರೆ ಕುಟ್ಟಾಣಿ ಕಳಿಸಬಹುದೇ ಎಂದರು.

ಗಂಟುಮೂಟೆ ಕಟ್ಟುವುದು ಸುಲಭ. ಕಷ್ಟ ಬೇರೆಯೇ ಇದೆ. ಹಾಸ್ಟೆಲಿಗೆ ಬಂದ ಹುಡುಗಿ ಮೊದಲ ವಾರ ಅಳುವುದು ಬಟ್ಟೆ ಒಗೆಯಲು ಬಾರದೆಂದಲ್ಲ, ತನ್ನನ್ನು ಯಾರೂ ಕೂಗಿ ಕರೆಯುವುದಿಲ್ಲವಲ್ಲ ಎಂದು. ಮನೆಯವರ ಕಥೆಯೂ ಅಷ್ಟೆ, ಕೂಗಿ ಕೂಗಿ ಅಭ್ಯಾಸವಾದ ಬಾಯಿ ಸುಮ್ಮನಿರುವುದಿಲ್ಲ. ಅದಕ್ಕೆ ನಾನೊಂದು ಉಪಾಯ ಕಂಡುಕೊಂಡಿದ್ದೇನೆ. ಹೊರಡುವ ಮುಂಚೆ ಒಂದು ವಾರ ಮನೆಯಲ್ಲೇ ಹಾಸ್ಟೆಲಿನ ತಾಲೀಮು. ಹುಡುಗಿಗೆ ಬೇರೆ ಕೋಣೆ. ತನ್ನ ಬಟ್ಟೆ, ತನ್ನ ತಟ್ಟೆ ತಾನೇ ತೊಳೆಯಬೇಕು, ಗಂಟೆ ಹೊಡೆದಾಗ ಕೊಟ್ಟದ್ದನ್ನು ತಿನ್ನಬೇಕು. ಮನೆಯವರಿಗೆ ಇರುವುದು ಒಂದೇ ನಿಯಮ. ಅವಳು ಊರಲ್ಲೇ ಇಲ್ಲ ಎಂದು ತಿಳಿದು ಬದುಕಬೇಕು.

ಈಚೆಗೆ ಕಣಕಟ್ಟೆಯ ಒಂದು ಮನೆಯಿಂದ ಕರೆ ಬಂತು. ತೆಂಗಿನ ತೋಟದವರು. ಒಬ್ಬಳೇ ಮಗಳು, ದಿನಾ ಬಸ್ಸಿನಲ್ಲಿ ಅರಸೀಕೆರೆಗೆ ಬಂದು ಪಿಯುಸಿ ಮುಗಿಸಿದವಳು. ಧಾರವಾಡದಲ್ಲಿ ಕೃಷಿ ಪದವಿಗೆ ಸೀಟು ಸಿಕ್ಕಿತ್ತು. ಓದಲೆಂದು ಆ ಮನೆಯ ಹೆಣ್ಣುಮಗಳು ಪರಊರಿಗೆ ಹೊರಟದ್ದು ಅದೇ ಮೊದಲು. ಹೋದೆ. ಉಗ್ರಾಣದ ಕೋಣೆಯನ್ನೇ ಹಾಸ್ಟೆಲ್ ಮಾಡಿದೆವು. ಮೇಲೆ ಅಟ್ಟದ ತುಂಬ ಕೊಬ್ಬರಿಯಾಗಲು ಬಿಟ್ಟ ಕಾಯಿ, ಕೆಳಗೆ ಒಂದು ಮಂಚ. ಗಂಟೆಗೆ ಏನು ಮಾಡುವುದು ಎಂದಾಗ ಅಪ್ಪ ಹಸುವಿನ ಕೊರಳಿನದನ್ನೇ ಬಿಚ್ಚಿಕೊಂಡು ಬಂದರು.

ಮಗಳು ಚೆನ್ನಾಗಿಯೇ ಪಾಸಾದಳು, ಫೇಲಾದದ್ದು ಮನೆಯವರು. ಮೊದಲ ದಿನ ಬೆಳಗ್ಗೆಯೇ ಅಪ್ಪನ ಮೊಬೈಲಿಗೆ ಏನೋ ಬಂತು, ಇದೇನು ನೋಡು ಮಗ ಎಂದು ಉಗ್ರಾಣದ ಬಾಗಿಲಿಗೆ ಹೋದರು. ಅಮ್ಮ ಗಂಟೆ ಹೊಡೆದು ಅನ್ನ ಸಾರು ಕೊಟ್ಟು, ಹಿಂದೆಯೇ ಸೆರಗಿನ ಮರೆಯಲ್ಲಿ ಕಾಯಿ ಒಬ್ಬಟ್ಟು ಸಾಗಿಸಿದರು. ಸಂಜೆ ನನಗೆ ಫೋನ್ ಮಾಡಿ, ಹಾಸ್ಟೆಲಿನಲ್ಲೂ ಒಂದೊಂದು ದಿನ ಸಿಹಿ ಕೊಡುತ್ತಾರಲ್ಲವೇ ಮೇಡಂ, ಅದನ್ನೇ ಇವತ್ತು ಕೊಟ್ಟೆ ಎಂದು ಸಮಜಾಯಿಷಿ ಬೇರೆ. ನಾನು ಬಾಯ್ತುಂಬ ಬೈದು, ಫೋನಿಟ್ಟು, ಹೊಟ್ಟೆ ಹುಣ್ಣಾಗುವಷ್ಟು ನಕ್ಕೆ.

ಆದರೆ ಒಂದೆರಡು ದಿನ ಕಳೆಯುವುದರೊಳಗೆ ನಗಲಾಗದ ವಿಷಯ ಎದ್ದಿತು. ಆ ಮನೆಯಲ್ಲಿ ಅಜ್ಜಿ ಇದ್ದರು, ಅಪ್ಪನ ತಾಯಿ. ಸಕ್ಕರೆ ಕಾಯಿಲೆ. ದಿನಾ ಬೆಳಗ್ಗೆ ಲಿಂಗಪೂಜೆ ಮುಗಿದ ಮೇಲೆ, ತಿಂಡಿಗೆ ಮುಂಚೆ, ಹೊಟ್ಟೆಗೆ ಇನ್ಸುಲಿನ್ ಸೂಜಿ ಆಗಬೇಕು. ಚುಚ್ಚುತ್ತಿದ್ದವಳು ಮೊಮ್ಮಗಳು. ಊರಿನಲ್ಲಿದ್ದ ನರ್ಸಮ್ಮ ವರ್ಗವಾಗಿ ಹೋಗಿ ಆ ಜಾಗ ಖಾಲಿ ಇತ್ತು. ಹಾಗಾಗಿ ತಾಲೀಮಿನ ವಾರ ಅಪ್ಪ ಕಲಿಯಲು ಹೋದರು. ಮಚ್ಚು ಹಿಡಿದು ಕಣ್ಣು ಮಿಟುಕಿಸುವುದರಲ್ಲಿ ಎಳನೀರು ಕೆತ್ತುವ ಮನುಷ್ಯ, ಆ ಸಣ್ಣ ಸೂಜಿ ನೋಡಿ ಬೆವತು ಗೋಡೆ ಹಿಡಿದು ಕೂತರು. ಅಮ್ಮ ಚುಚ್ಚಲು ಹೋದರೆ ಸೂಜಿ ಸೀರೆಗೇ ಸಿಕ್ಕಿಕೊಂಡಿತು. ನಿನ್ನ ಕೈಗೆ ಕೊಟ್ಟರೆ ನಾನು ಇವತ್ತೇ ಶಿವನ ಪಾದ ಸೇರುತ್ತೇನೆ ಎಂದು ಅಜ್ಜಿ ಗದರಿದರಂತೆ. ಕೊನೆಗೆ ಮೊಮ್ಮಗಳೇ ಉಗ್ರಾಣದಿಂದ ಎದ್ದು ಬಂದು ಚುಚ್ಚಿ, ಅಲ್ಲೇ ನಿಂತು, ನಾನು ಧಾರವಾಡಕ್ಕೆ ಹೋಗುವುದಿಲ್ಲ ಎಂದುಬಿಟ್ಟಳು. ಅರಸೀಕೆರೆಯಲ್ಲೇ ಯಾವುದಾದರೂ ಡಿಗ್ರಿ ಮಾಡಿಕೊಳ್ಳುತ್ತಾಳಂತೆ.

ಅಮ್ಮ ಫೋನಿನಲ್ಲಿ ಅಳುತ್ತ ಇದನ್ನೆಲ್ಲ ಹೇಳಿದಾಗ ನನಗೆ ಪಿತ್ತ ನೆತ್ತಿಗೇರಿತು. ಕಾಲೇಜಿಗೆ ಸೇರಲು ಉಳಿದದ್ದು ಕೆಲವೇ ದಿನ, ಆಮೇಲೆ ಸೀಟು ಬೇರೆಯವರ ಪಾಲು. ಆ ಹುಡುಗಿಗೆ ಈ ಓದಿನ ಮೇಲೆ ಎಂಥ ಆಸೆಯಿತ್ತೆಂದು ನಾನು ಕಣ್ಣಾರೆ ಕಂಡಿದ್ದೆ. ತೋಟ ತೋರಿಸುವಾಗ ನುಸಿ ತಗುಲಿ ಸಿಪ್ಪೆ ಸೀಳಿದ ಕಾಯಿಯೊಂದನ್ನು ನನ್ನ ಕೈಗಿಟ್ಟು, ಇದಕ್ಕೆ ನಾನೇ ಮದ್ದು ಹುಡುಕಬೇಕು ಮೇಡಂ ಎಂದಿದ್ದಳು. ಒಂದು ಸೂಜಿಯ ದೆಸೆಯಿಂದ ಅದೆಲ್ಲ ಮಣ್ಣುಪಾಲಾಗಬೇಕೆ? ಮಾರನೆಯ ದಿನ ಮೊದಲ ಬಸ್ಸಿಗೇ ಹೊರಟೆ. ದಾರಿಯುದ್ದಕ್ಕೂ ಯಾರನ್ನು ಮೊದಲು ಬೈಯಬೇಕೆಂದು ಯೋಚಿಸಿ, ಅಜ್ಜಿಯಿಂದಲೇ ಶುರುಮಾಡುವುದೆಂದು ತೀರ್ಮಾನಿಸಿದೆ.

ಅಜ್ಜಿ ಆಗ ತಾನೇ ಪೂಜೆ ಮುಗಿಸಿ, ಹಣೆಯ ತುಂಬ ವಿಭೂತಿ ಹಚ್ಚಿಕೊಂಡು, ತಮ್ಮ ಕೋಣೆಯಲ್ಲಿ ಚಾಪೆಯ ಮೇಲೆ ಕೂತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ಬಾಗಿಲು ಮುಂದಕ್ಕೆ ಮಾಡಿ ಎಂದರು. ಮಾಡಿದೆ. ಪಕ್ಕದ ಡಬ್ಬಿಯಿಂದ ಇನ್ಸುಲಿನ್ ಪೆನ್ನು ತೆಗೆದು, ಸೂಜಿ ಸಿಕ್ಕಿಸಿ, ಎಷ್ಟು ಬೇಕೋ ಅಷ್ಟಕ್ಕೆ ತಿರುಗಿಸಿ, ಹೊಟ್ಟೆಯ ಮಡಿಕೆ ಹಿಡಿದು ಚುಚ್ಚಿಕೊಂಡರು. ಎಲೆಗೆ ಸುಣ್ಣ ಹಚ್ಚುವಷ್ಟು ಸಲೀಸಾಗಿ ಮುಗಿಯಿತು.

"ನಂಗೆ ಯಾವತ್ತಿಂದ್ಲೋ ಬತ್ತದೆ ಮೇಡಮ್ನೋರೆ, ಯಾರ್ಗೂ ಹೇಳಿಲ್ಲ," ಎಂದರು. "ಸೂಜಿ ನೆಪದಾಗೆ ಆ ಮಗ ದಿನಾ ಬಂದು ನನ್ ಪಕ್ಕ ಒಂದ್ ಗಳಿಗೆ ಕುಂತ್ಕಂತಾಳೆ. ನೋಯ್ತಾ ಅಜ್ಜಿ ಅಂತಾಳೆ. ನೋವೂ ಇಲ್ಲ ಏನೂ ಇಲ್ಲ, ಆದ್ರೂ ಹ್ಞೂ ಕಣೇ ಅಂತೀನಿ. ಸೂಜಿ ಇಲ್ದಿದ್ರೆ ಈ ಮುದುಕಿ ಪಕ್ಕ ಯಾರ್ ಕುಂತ್ಕಂತಾರೆ ಹೇಳಿ."

ಬಸ್ಸಿನಲ್ಲಿ ಹೊಂದಿಸಿಕೊಂಡು ಬಂದಿದ್ದ ಬೈಗುಳವನ್ನೆಲ್ಲ ಬದಿಗಿಟ್ಟು ನಾನೂ ಚಾಪೆಯ ತುದಿಯಲ್ಲಿ ಕೂತೆ. ಅಷ್ಟರಲ್ಲಿ ಮೊಮ್ಮಗಳು ಹತ್ತಿಯ ಉಂಡೆ ಹಿಡಿದುಕೊಂಡು ಬಾಗಿಲು ತಳ್ಳಿ ಒಳಗೆ ಬಂದಳು. ಇವತ್ತು ನಾನೇ ಚುಚ್ಚಿಕೊಂಡೆ, ನನಗೆ ಬರುತ್ತದೆ, ನೀನಿನ್ನು ಧಾರವಾಡಕ್ಕೆ ಹೊರಡು ಎಂದು ಅಜ್ಜಿ ಒಂದೇ ಉಸಿರಿಗೆ ಹೇಳಿ ಮುಗಿಸಿದರು. ಹುಡುಗಿ ಬೆಚ್ಚಿಬೀಳಬೇಕಿತ್ತು, ಇಲ್ಲವೇ ಸಿಟ್ಟಾಗಬೇಕಿತ್ತು. ಎರಡೂ ಆಗಲಿಲ್ಲ.

"ನಂಗೆ ಗೊತ್ತಿತ್ತಜ್ಜಿ," ಎಂದಳು.

ಹಿಂದಿನ ವರ್ಷ ಕಾಲೇಜಿನ ಎನ್ಎಸ್ಎಸ್ ಕ್ಯಾಂಪಿಗೆಂದು ಅವಳು ಹಳೇಬೀಡಿನ ಹತ್ತಿರದ ಹಳ್ಳಿಯೊಂದರಲ್ಲಿ ವಾರ ಕಳೆದಿದ್ದಳು. ಆಗಿನ್ನೂ ನರ್ಸಮ್ಮ ಊರಲ್ಲೇ ಇದ್ದರು, ಅವರು ಬಂದು ಚುಚ್ಚಿ ಹೋಗುತ್ತಿದ್ದಾರೆ ಎಂದು ಅಜ್ಜಿ ದಿನಾ ಫೋನಿನಲ್ಲಿ ಹೇಳುತ್ತಿದ್ದರಂತೆ. ತೋಟದ ಕೆಲಸದ ಗಡಿಬಿಡಿಯಲ್ಲಿ ಅಪ್ಪ ಅಮ್ಮನೂ ಅದನ್ನೇ ನಂಬಿದ್ದರು. ಇವಳು ವಾಪಸ್ಸು ಬಂದು ಬಸ್ಸಿಳಿದರೆ ಎದುರಿಗೆ ಅದೇ ನರ್ಸಮ್ಮ ಸಿಕ್ಕು, ನೀನಿಲ್ಲದಾಗ ಅಜ್ಜಿಗೆ ಸೂಜಿ ಹಾಕಿದವರು ಯಾರೇ ಎಂದು ಇವಳನ್ನೇ ಕೇಳಿದರಂತೆ. ಅಜ್ಜಿ ಇದನ್ನು ಕೇಳಿ ಮುಖ ಆಚೆ ತಿರುಗಿಸಿಕೊಂಡರು. ಕಳ್ಳತನದಲ್ಲಿ ಸಿಕ್ಕಿಬಿದ್ದ ಹುಡುಗಿಯರನ್ನು ಎಷ್ಟೋ ಜನ ನೋಡಿದ್ದೇನೆ, ಸಿಕ್ಕಿಬಿದ್ದ ಅಜ್ಜಿಯನ್ನು ನೋಡಿದ್ದು ಅವತ್ತೇ.

ಗೊತ್ತಿದ್ದ ಮೇಲೆ ಸೂಜಿಯ ನೆಪ ಹೇಳಿ ಸೀಟು ಬಿಡಲು ಹೊರಟದ್ದು ಯಾಕೆ ಎಂದು ನಾನು ಕೇಳಿದೆ. ಹಳೆಯ ವಾರ್ಡನ್ ದನಿ ತಾನಾಗಿಯೇ ಬಂದುಬಿಟ್ಟಿತ್ತು.

"ನಂಗೇ ಹೆದ್ರಿಕೆ ಆಗ್ತಿದೆ ಮೇಡಂ," ಎಂದಳು. "ಅಲ್ಲಿ ಯಾರೂ ಗೊತ್ತಿಲ್ಲ. ಹೆದ್ರಿಕೆ ಅಂದ್ರೆ ಎಲ್ಲಾ ನಗ್ತಾರೆ. ಅಜ್ಜಿಗೋಸ್ಕರ ಅಂದ್ರೆ ಯಾರೂ ನಗಲ್ಲ." ಹೇಳುತ್ತ ಹೇಳುತ್ತ ಅತ್ತೇಬಿಟ್ಟಳು.

ಅಯ್ಯೋ ಶಿವನೇ ಎನಿಸಿತು. ಬಟ್ಟೆ, ತಟ್ಟೆ, ಗಂಟೆ ಎಲ್ಲವನ್ನೂ ತಾಲೀಮಿಗೆ ಸೇರಿಸಿದ್ದ ನಾನು, ನಿನಗೆ ಭಯವೇನೇ ಎಂದು ಅವಳನ್ನು ಒಂದು ಮಾತು ಕೇಳಿರಲಿಲ್ಲ. ಭಯ ಎಂಥದ್ದು, ಎಲ್ಲ ಸರಿಹೋಗುತ್ತದೆ ಎಂದು ಶುರುಮಾಡಿದೆ. ಅಜ್ಜಿ ಕೈ ಎತ್ತಿ ನನ್ನನ್ನು ತಡೆದರು. ಮೊಮ್ಮಗಳನ್ನು ಎಳೆದು ಪಕ್ಕ ಕೂರಿಸಿಕೊಂಡು, ತಾವು ಹಾರನಹಳ್ಳಿಯಿಂದ ಮದುವೆಯಾಗಿ ಬಂದ ದಿನದ ಕಥೆ ತೆಗೆದರು. ಮನೆ ಮುಂದೆ ಎತ್ತಿನಗಾಡಿ ನಿಂತರೂ ಇಳಿಯುವುದಿಲ್ಲವೆಂದು ಹಟ ಹಿಡಿದು, ಬೀದಿಯವರೆಲ್ಲ ನೋಡುತ್ತಿದ್ದರೂ ಗಾಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡು ಕೂತಿದ್ದರಂತೆ. ಕೊನೆಗೆ ಅತ್ತೆ ಬಂದು, ಹಸಿವಾದಾಗ ತಾನೇ ಇಳಿಯುತ್ತಾಳೆ ಬಿಡಿ ಎಂದು ಎಲ್ಲರನ್ನೂ ಒಳಗೆ ಕರೆದುಕೊಂಡು ಹೋದರಂತೆ. ಹೇಳಿ ತಾವೇ ನಕ್ಕರು. ಹುಡುಗಿಯೂ ಮೂಗು ಒರೆಸಿಕೊಳ್ಳುತ್ತ ನಕ್ಕಳು.

"ಹೆದ್ರಿಕೆ ಹೋಗ್ಲಿ ಅಂತ ಕಾಯ್ತಾ ಕುಂತ್ರೆ ಇಲ್ಲೇ ಕುಂತಿರ್ಬೇಕಾಯ್ತದೆ ಕಣೇ," ಎಂದರು ಅಜ್ಜಿ. "ಹೆದ್ರಿಕಂಡೇ ಹೋಗು. ನಾನೂ ಹೆದ್ರಿಕಂಡೇ ಇಲ್ಲಿರ್ತೀನಿ."

ತಾಲೀಮು ಅಲ್ಲಿಗೆ ಮುಗಿಯಿತು, ನಾನೇ ರದ್ದು ಮಾಡಿದೆ. ಉಳಿದ ದಿನಗಳಲ್ಲಿ ಅಮ್ಮ ರಾಜಾರೋಷವಾಗಿ ಕೋಡುಬಳೆ ಕರಿದರು, ಅಪ್ಪ ಮಗಳನ್ನು ಮನಸ್ಸಿಗೆ ಬಂದಷ್ಟು ಸಲ ಕೂಗಿದರು. ಹೊರಡುವ ದಿನ ಇಡೀ ಮನೆಯೇ ಟೆಂಪೋ ಮಾಡಿಕೊಂಡು ಅರಸೀಕೆರೆ ಸ್ಟೇಷನ್ನಿಗೆ ಬಂತು. ಮಂಡಿ ನೋವೆಂದು ತೋಟಕ್ಕೂ ಹೋಗದ ಅಜ್ಜಿ ಮೆಟ್ಟಿಲು ಹತ್ತಿ ಇಳಿದು ಪ್ಲಾಟ್‌ಫಾರಂಗೆ ಬಂದಿದ್ದರು. ಹುಬ್ಬಳ್ಳಿ ಕಡೆಯ ರೈಲು ಬಂತು. ಅಪ್ಪ ಮಗಳನ್ನು ಬಿಟ್ಟು ಬರಲು ಸೂಟ್‌ಕೇಸಿನ ಜೊತೆ ತಾವೂ ಹತ್ತಿದರು. ಹುಡುಗಿ ಕಿಟಕಿಯ ಹತ್ತಿರ ಕೂತಳು, ಮುಖ ಬಿಳಿಚಿಕೊಂಡಿತ್ತು. ಅಜ್ಜಿ ಕಿಟಕಿಯ ಸರಳು ಹಿಡಿದು ಹತ್ತಿರ ಹೋದರು.

"ಹೆದ್ರಿಕೆ ಆಯ್ತೈತಾ?"

"ಹ್ಞೂ ಅಜ್ಜಿ. ನಿಂಗೆ?"

"ನಂಗೂ ಆಯ್ತೈತೆ. ಹೋಗ್ ಬಾ," ಎಂದು ಅಜ್ಜಿ ಸರಳಿನಿಂದ ಕೈ ತೆಗೆದರು.