ಆಗಸ್ಟ್ ತಿಂಗಳ ಹೀಟರ್

ಟೆಕ್ಸಸ್‌ನಲ್ಲಿ ಆಗಸ್ಟ್ ತಿಂಗಳಲ್ಲಿ ಹೀಟರ್ ಹಚ್ಚಿದವರು ನಮ್ಮ ಅವ್ವನನ್ನು ಬಿಟ್ಟರೆ ಬೇರೆ ಯಾರೂ ಇರಲಾರರು. 2011ರ ಆ ಬೇಸಿಗೆಯಲ್ಲಿ ಆಸ್ಟಿನ್‌ಗೆ ಹನಿ ಮಳೆ ಬಿದ್ದಿರಲಿಲ್ಲ. ಮನೆಗಳ ಮುಂದಿನ ಹುಲ್ಲು ಒಣಗಿ, ಕಾಲಿಟ್ಟರೆ ಚರಚರ ಅನ್ನುತ್ತಿತ್ತು. ಅಂಥದ್ದರಲ್ಲಿ ನನ್ನ ಬಾಣಂತನಕ್ಕೆಂದು ಧಾರವಾಡದಿಂದ ಬಂದಿದ್ದ ಅವ್ವ, ಗ್ಯಾರೇಜಿನ ರಟ್ಟಿನ ಪೆಟ್ಟಿಗೆಗಳ ಹಿಂದಿನಿಂದ ನಮ್ಮ ಚಳಿಗಾಲದ ಹೀಟರನ್ನು ಎಳೆದು ತಂದು, ಧೂಳು ಒರೆಸಿ, ನನ್ನ ಮಂಚದ ಪಕ್ಕ ಇಟ್ಟಳು.

"ಹೊರಗ ಬೆಂಕಿ ಸುರೀಲಿಕತ್ತದ, ಅವ್ವ!" ಅಂದೆ.

"ಹೊರಗ ಬೆಂಕಿ, ಒಳಗ ಐಸ್ ಪೆಟಿಗಿ. ಹಸಿ ಮೈ ನಿಂದು. ಥಂಡಿ ಹತ್ತಿದ್ರ ಮುಂದ ನಡಾ ಹಿಡಕೊಂಡು ಅಳೂವಾಕಿ ನೀನ," ಎಂದು ಸ್ವಿಚ್ ಒತ್ತಿಯೇಬಿಟ್ಟಳು.

ಹೀಗೆ ಬಿಸಿಲಿನ ವಿರುದ್ಧ ಎಸಿ, ಎಸಿಯ ವಿರುದ್ಧ ಹೀಟರು. ನಡುವೆ ತಲೆಗೆ ಸ್ಕಾರ್ಫ್ ಕಟ್ಟಿಸಿಕೊಂಡು, ಕಿವಿಗೆ ಹತ್ತಿ ಇಡಿಸಿಕೊಂಡು ಕೂತ ನಾನು. ನನ್ನ ಕೆಲಸ ಏನು ಗೊತ್ತೇ? ನಾಳೆ ಇಡೀ ರಾಜ್ಯಕ್ಕೆ ಎಷ್ಟು ಕರೆಂಟು ಬೇಕಾದೀತು ಎಂದು ಇವತ್ತೇ ಅಂದಾಜು ಮಾಡುವುದು. ಡಲ್ಲಸ್‌ನಲ್ಲಿ ಸೆಕೆ ಎಷ್ಟು, ಹ್ಯೂಸ್ಟನ್‌ನಲ್ಲಿ ಮೋಡ ಇದೆಯೋ ಇಲ್ಲವೋ, ಜನ ಎಷ್ಟು ಗಂಟೆಗೆ ಮನೆಗೆ ಬಂದು ಎಸಿ ಹಚ್ಚುತ್ತಾರೆ, ಇದೆಲ್ಲ ಲೆಕ್ಕ ಹಾಕಿ ಒಂದು ಗೆರೆ ಎಳೆಯುವುದು. ಆ ತಿಂಗಳು ಗೆರೆ ದಿನದಿನವೂ ಮೇಲೇರಿ, ಇರುವ ಕರೆಂಟಿನ ತುತ್ತತುದಿ ಮುಟ್ಟುತ್ತಿತ್ತು. ಮಧ್ಯಾಹ್ನದಿಂದ ಸಂಜೆಯ ತನಕ ಕಡಿಮೆ ಬಳಸಿ, ಇಲ್ಲವಾದರೆ ಸರದಿಯಂತೆ ಕರೆಂಟು ತೆಗೆಯಬೇಕಾದೀತು ಎಂದು ಟಿವಿಯಲ್ಲಿ ಬೇಡಿಕೊಳ್ಳುತ್ತಿದ್ದರು. ಹಾಗೆ ಬೇಡಿಕೊಳ್ಳುವವರ ಪೈಕಿಯ ನಾನೇ ಇಲ್ಲಿ ಎಸಿಯನ್ನೂ ಹೀಟರನ್ನೂ ಒಟ್ಟಿಗೆ ಹಾಕಿಕೊಂಡು ಕೂತಿದ್ದೆ. ಆಫೀಸಿನವರಿಗೆ ಗೊತ್ತಾದರೆ ಮುಖ ಎಲ್ಲಿಡಲಿ?

ನಗುವ ಸ್ಥಿತಿಯಲ್ಲೂ ನಾನಿರಲಿಲ್ಲ. ತಿಂಗಳು ತುಂಬುವ ಮೊದಲೇ ಹುಟ್ಟಿದ ಮಗಳಿಗೆ ಕಾಮಾಲೆ ಹತ್ತಿತ್ತು. ಕಣ್ಣು ಅರಿಶಿನದಲ್ಲಿ ಅದ್ದಿದ ಹಾಗೆ ಹಳದಿ. ಕಾಮಾಲೆ ಇಳಿಸಲೆಂದು ಡಾಕ್ಟರು ನೀಲಿ ಬೆಳಕು ಬರುವ ಚಿಕ್ಕ ಹಾಸೊಂದನ್ನು ಮನೆಗೆ ಕೊಟ್ಟು ಕಳಿಸಿದ್ದರು. ಹಾಲು ಕುಡಿಸುವಾಗಲೂ ಅದನ್ನು ಮಗುವಿನ ಬೆನ್ನಿಗೆ ಸುತ್ತಿರಬೇಕು. ಮರುದಿನ ಬೆಳಿಗ್ಗೆ ರಕ್ತಪರೀಕ್ಷೆ. ರಕ್ತದಲ್ಲಿ ಕಾಮಾಲೆಯ ಅಂಕಿ ಇಳಿಯದಿದ್ದರೆ ಮತ್ತೆ ಆಸ್ಪತ್ರೆಗೆ ಸೇರಿಸಬೇಕು, ಇನ್ನೂ ಏರಿದರೆ ಮೆದುಳಿಗೆ ಅಪಾಯ ಎಂದಿದ್ದರು. ಗಂಡ ಆಫೀಸಿನ ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋಗಿದ್ದವನು, ರಾತ್ರಿಯೊಳಗೆ ಡ್ರೈವ್ ಮಾಡಿಕೊಂಡು ಬರ್ತೀನಿ ಅಂದಿದ್ದ. ಮನೆಯಲ್ಲಿ ಅವ್ವ, ನಾನು, ನೀಲಿ ಬೆಳಕಿನ ಕೂಸು.

ಆ ಮಧ್ಯಾಹ್ನ ಟಪ್ ಎಂದು ಸದ್ದಾಗಿ ಕೋಣೆಯ ಕರೆಂಟು ಹೋಯಿತು. ಹೀಟರು, ಇಸ್ತ್ರಿ ಪೆಟ್ಟಿಗೆ, ಮಗುವಿನ ಬೆಳಕು ಎಲ್ಲ ಒಂದೇ ಲೈನಿನ ಮೇಲಿದ್ದವು. ಅವ್ವ ಮಗುವಿನ ಬಟ್ಟೆ ಬಿಸಿ ಮಾಡಲು ಇಸ್ತ್ರಿ ಹಚ್ಚಿದ್ದಳು. ನೀಲಿ ಆರಿಹೋದದ್ದನ್ನು ಕಂಡು, ಎದ್ದು ಇಸ್ತ್ರಿಯ ಪ್ಲಗ್ಗು ಕಿತ್ತು, ಗ್ಯಾರೇಜಿಗೆ ಓಡಿ, ಮೇನ್ ಬೋರ್ಡಿನಲ್ಲಿ ಟ್ರಿಪ್ ಆಗಿ ಬಿದ್ದಿದ್ದ ಸ್ವಿಚ್ಚನ್ನು ಎತ್ತಿ ಬಂದೆ. ಬೆಳಕು ಬಂತು. ಬಂದವಳೇ ಅವ್ವನ ಮೇಲೆ ಹರಿಹಾಯ್ದೆ. "ಸಾಕು ಮಾಡು ನಿನ್ನ ಬಾಣಂತನಾ! ಕೂಸಿನ ಜೀವಾ ತಿಂತೀಯೇನು?"

ಅವ್ವ ಹೀಟರಿನ ಪ್ಲಗ್ಗು ಕಿತ್ತು, ವೈರು ಸುತ್ತಿ, ಅದನ್ನು ಹೊರಗಿಟ್ಟು ಬಂದು ತೊಟ್ಟಿಲ ಪಕ್ಕ ಕೂತಳು. ಮೆಲ್ಲಗೆ ಕೇಳಿದಳು. "ನಾ ಹೀಟರ್ ಹಚ್ಚಿದ್ದಕ್ಕ ಇದರ ಕರೆಂಟ್ ಯಾಕ ಹೋತು?"

ಒಂದು ಲೈನು ಇಂತಿಷ್ಟೇ ಹೊರುತ್ತದೆ, ಮೀರಿದರೆ ಎಲ್ಲವೂ ನಿಲ್ಲುತ್ತದೆ ಎಂದೆ. ಸಿಟ್ಟು ಇನ್ನೂ ಇಳಿದಿರಲಿಲ್ಲ, ಟಿವಿಯ ಕಡೆ ಕೈ ತೋರಿಸಿ ಅಂದೆ, "ಊರಿಗೂ ಹಂಗ. ರಾಜ್ಯಕ್ಕೂ ಹಂಗ. ಇವತ್ತ ಮಂದಿ ಎಲ್ಲಾ ಹಿಂಗ ಎಸಿ ಹಚ್ಚಿದ್ರ ಸಂಜೀಕ ಕರೆಂಟ್ ತಗೀತಾರ."

"ಅಂದ್ರ ಬಾಜೂ ಮನಿಯವ್ರು ಜಾಸ್ತಿ ಹಚ್ಚಿದ್ರ ನಮ್ಮ ಕೂಸಿನ ಲೈಟ್ ಹೋಗ್ತದ?"

"ಹೋಗಬಹುದು."

ಅವ್ವ ಎದ್ದಳು. ನಮ್ಮ ಎಸಿ ಆರಿಸಿದಳು, ಟಿವಿ ಆರಿಸಿದಳು, ಅಡುಗೆಮನೆಯ ಪಾತ್ರೆ ತೊಳೆಯುವ ಯಂತ್ರದ ಪ್ಲಗ್ಗು ಎಲ್ಲಿದೆಯೆಂದು ಹುಡುಕಾಡಿ ಸೋತಳು. ಆಮೇಲೆ ಸೆರಗು ತಲೆ ಮೇಲೆ ಹೊದ್ದು, ಚಪ್ಪಲಿ ಮೆಟ್ಟಿ, ಆ ಸುಡುಬಿಸಿಲಿಗೆ ಹೊರಟೇಬಿಟ್ಟಳು. "ಎಲ್ಲಿಗೆ ಹೊಂಟಿ?" ಎಂದು ಕೂಗಿದೆ.

ಮಗುವನ್ನು ಬಿಟ್ಟು ನಾನು ಹೊರಗೆ ಹೋಗುವಂತಿರಲಿಲ್ಲ. ಕಿಟಕಿಯಿಂದ ನೋಡಿದೆ. ಅಯ್ಯೋ ಶಿವನೆ, ಪಕ್ಕದ ಮನೆಯ ಬಾಗಿಲು ಬಡಿಯುತ್ತಿದ್ದಾಳೆ! ಅಲ್ಲಿದ್ದವನು ಒಂಟಿ ಮುದುಕ, ರಿಟೈರಾದ ಮೇಷ್ಟ್ರು, ನಮ್ಮೊಡನೆ ಕೈ ಬೀಸುವಷ್ಟೇ ಪರಿಚಯ. ಅವ್ವನಿಗೆ ಇಂಗ್ಲಿಷಿನ ಗಂಧವಿಲ್ಲ. ಮನೆಯ ಹೊರಗಿದ್ದ ಅವನ ಎಸಿ ಡಬ್ಬಿ ತೋರಿಸಿದಳು. ತೋಳಲ್ಲಿ ಕೂಸನ್ನು ತೂಗಿದಂತೆ ಮಾಡಿದಳು, ದೀಪ ಊದಿ ಆರಿಸಿದಂತೆ ಮಾಡಿದಳು, ಕೊನೆಗೆ ಕೈ ಮುಗಿದಳು. ಅವನು ಗಾಬರಿಯಾಗಿ ನಮ್ಮ ಮನೆಯ ಕಡೆ ನೋಡಿದ. ನಾಚಿಕೆಯಿಂದ ನಾನು ಪರದೆಯ ಹಿಂದೆ ಸರಿದೆ. ಅಷ್ಟರಲ್ಲಿ ಅವ್ವ ಎದುರು ಮನೆಗೆ ದಾಟಿದ್ದಳು. ಅದು ಹೈದರಾಬಾದಿನವರ ಮನೆ. ಅಲ್ಲಿಯ ಆಂಟಿಯ ಹತ್ತಿರ ಅವಳ ಹುಬ್ಬಳ್ಳಿ ಹಿಂದಿ ನಡೆಯಿತು. "ಛೋಟಾ ಬಚ್ಚಾ ಹೈ ಜೀ, ಥೋಡಾ ಬಂದ್ ಮಾಡ್ರೀ," ಎಂದದ್ದು ನನಗೂ ಕೇಳಿಸಿತು. ಅಲ್ಲಿಂದ ಅದರಾಚೆಯ ಮನೆಗೂ ಹೋದಳು.

ನಾನು ಕಾಯುತ್ತ ಕೂತೆ. ನಮ್ಮಂಥ ಒಂದೊಂದು ಮನೆಯಲ್ಲೂ ಒಂದು ಕಾರಣ ಇರುತ್ತದಲ್ಲ ಎಂದು ಆಗ ಹೊಳೆಯಿತು. ಯಾರಿಗೋ ಉಸಿರಾಟದ ತೊಂದರೆ, ಯಾರದೋ ನಾಯಿಗೆ ವಯಸ್ಸಾಗಿದೆ, ಯಾರೋ ಬಿಸಿಲಲ್ಲಿ ದುಡಿದು ಈಗ ತಾನೇ ಬಂದಿದ್ದಾರೆ. ಅವ್ವನ ಹೀಟರಿಗೂ ಕಾರಣವಿತ್ತು, ಅದು ನಾನೇ. ಭೂಮಿ ಎಷ್ಟು ತಾಳೀತು ಎಂದು ಆಫೀಸಿನಲ್ಲಿ ಮಾತಾಡುವಾಗ ನಾವು ದುಂದುಗಾರರನ್ನು ಬೈದು ಹಗುರಾಗುತ್ತಿದ್ದೆವು. ಪ್ರೀತಿಯಿಂದ ಕರೆಂಟು ಸುಡುವವರನ್ನು ಯಾರು ಬೈಯಬೇಕು? ಧಾರವಾಡದಲ್ಲಿ ಕರೆಂಟು ಹೋದರೆ ಕಟ್ಟೆಗೆ ಬಂದು ಕೂರುತ್ತಿದ್ದೆವು, ಅಷ್ಟೇ. ಇಲ್ಲಿ ಕರೆಂಟಿಲ್ಲದೆ ಬದುಕುವುದು ಹೇಗೆಂದು ಯಾರಿಗೂ ಗೊತ್ತಿಲ್ಲ, ನನಗೂ ಮರೆತುಹೋಗಿತ್ತು. ಭಯದಿಂದ ಅಳು ಬಂತು, ಅತ್ತುಬಿಟ್ಟೆ.

ಆಗ ಪಕ್ಕದ ಮನೆಯ ಎಸಿ ಡಬ್ಬಿಯ ಗುರ್ರ್ ಸದ್ದು ನಿಂತಿತು. ನಮ್ಮ ಕಿಟಕಿಯಾಚೆ ಹಗಲು ರಾತ್ರಿ ಇರುತ್ತಿದ್ದ ಸದ್ದು ಅದು. ಸ್ವಲ್ಪ ಹೊತ್ತಿಗೆ ಎದುರು ಮನೆಯದೂ ನಿಂತಿತು. ವರ್ಷಗಟ್ಟಲೆ ನಾನು ಕಂಪ್ಯೂಟರಿನಲ್ಲಿ ಗೆರೆ ಇಳಿಯುವುದನ್ನು ನೋಡಿದ್ದೆ, ಇಳಿಯುವ ಸದ್ದನ್ನು ಕೇಳಿರಲಿಲ್ಲ.

ಅವ್ವ ಬೆವರಿನಲ್ಲಿ ತೊಯ್ದು ಒಳಗೆ ಬಂದಳು. ಮುಖ ಕೆಂಪೇರಿತ್ತು. "ಮೂರು ಮನಿಯವ್ರು ಬಂದ್ ಮಾಡ್ಯಾರ. ಆ ಮುದುಕ ಭಾಳ ಛೊಲೋ ಮನಶ್ಯಾ. ನಿಮ್ಮ ಆಫೀಸಿಗೆ ಫೋನ್ ಹಚ್ಚು, ಇಷ್ಟ ಸಾಕೇನಂತ ಕೇಳು," ಅಂದಳು.

ಲಕ್ಷಗಟ್ಟಲೆ ಮನೆಗಳ ಲೆಕ್ಕ ಹಾಕುವವಳು ನಾನು. ಸಾಕು ಅಂದುಬಿಡಬಹುದಿತ್ತು, ಪಾಪ, ಕೂತು ಸುಧಾರಿಸಿಕೊಳ್ಳುತ್ತಿದ್ದಳು. ಆದರೆ ಆ ಮುಖ ನೋಡಿ ಸುಳ್ಳು ಹೇಳಲು ನಾಲಿಗೆ ಏಳಲಿಲ್ಲ. "ಸಾಲೂದಿಲ್ಲವ್ವ," ಅಂದೆ.

ಆ ಸಂಜೆ ಕರೆಂಟು ಹೋಗಲಿಲ್ಲ. ಬೆಳಿಗ್ಗೆ ಮಗಳ ಅಂಕಿ ಇಳಿದಿತ್ತು, ಡಾಕ್ಟರು ನಕ್ಕು ನೀಲಿ ಹಾಸನ್ನು ವಾಪಸ್ ತೆಗೆದುಕೊಂಡರು. ಅದೆಲ್ಲ ಆಮೇಲಿನ ಮಾತು. ನಾನು ಸಾಲೂದಿಲ್ಲ ಅಂದಾಗ ಅವ್ವ ಒಂದು ಲೋಟ ನೀರು ಗಟಗಟ ಕುಡಿದಳು, ಮಗುವಿನ ಕಾಲು ಮುಟ್ಟಿ ಬೆಚ್ಚಗಿದೆಯೇ ನೋಡಿದಳು, ಮತ್ತೆ ಚಪ್ಪಲಿ ಮೆಟ್ಟಿದಳು.

"ಹಂಗಿದ್ರ ಹಿಂದಿನ ಓಣಿ ಪೂರಾ ಉಳದದಲ್ಲ," ಎಂದು ಬಾಗಿಲು ತೆಗೆದಳು.