ತೆಗೆದ ನೆರಳು

ಕುಷ್ಟಗಿಯ ಫೋಟೊ ಸ್ಟುಡಿಯೊದಲ್ಲಿ ನನ್ನ ಮೊದಲ ದಿನ. ವಯಸ್ಸಾದವರೊಬ್ಬರು ಹಳೆಯ ಚಿತ್ರವೊಂದನ್ನು ಮೇಜಿನ ಮೇಲಿಟ್ಟು, "ನಮ್ಮ ಮುತ್ಯಾನ್ನ ದೊಡ್ಡದು ಮಾಡ್ರಿ, ಲಗೂ ಬೇಕು" ಎಂದರು. ಕನ್ನಡದವಳೇ ಆದ ನಾನು ಕನ್ನಡ ತಿಳಿಯದೆ ನಿಂತೆ. ಮುತ್ಯಾ ಎಂದರೆ ಅಜ್ಜ, ಲಗೂ ಎಂದರೆ ಬೇಗ ಎಂದು ಮಾಲೀಕರು ವಿವರಿಸುವಷ್ಟರಲ್ಲಿ ಅಲ್ಲಿದ್ದವರೆಲ್ಲ ನಕ್ಕಿದ್ದರು. ಅಂದಿನಿಂದ, ತಿಳಿಯದಿದ್ದರೂ ತಲೆಯಾಡಿಸುವುದನ್ನು ಕಲಿತೆ.

ಗಂಡನಿಗೆ ಇಲ್ಲಿನ ಬೀಜದ ಕಂಪನಿಯಲ್ಲಿ ಕೆಲಸ ಸಿಕ್ಕಿತೆಂದು ಕೊಳ್ಳೇಗಾಲ ಬಿಟ್ಟು ಬಂದವಳು ನಾನು. ಅಲ್ಲಿ ಮುದ್ದೆ, ಇಲ್ಲಿ ರೊಟ್ಟಿ. ನಾನು ತಟ್ಟಿದ ರೊಟ್ಟಿ ಆರು ತಿಂಗಳು ಹರಿಯುತ್ತಲೇ ಇತ್ತು. ಹರಿಯದೆ ಉಬ್ಬಿದ ದಿನ ಪಕ್ಕದ ಮನೆಯ ಗೌರಮ್ಮ, "ಈಗ ನಮ್ಮಾಕಿ ಆದಿ ನೋಡು" ಎಂದಾಗ ಒಳಗೆ ಹೋಗಿ ಅತ್ತಿದ್ದೆ.

ಹಣಮವ್ವ ಸ್ಟುಡಿಯೊಗೆ ಬಂದದ್ದು ಆಮೇಲೆ. ದಾಳಿಂಬೆ ತೋಟದಲ್ಲಿ ದುಡಿಯುತ್ತಿದ್ದ ಅವಳ ಗಂಡ ಎದೆನೋವಿನಿಂದ ತೀರಿಕೊಂಡು ಹದಿನೈದು ದಿನವಾಗಿತ್ತು. ಅವನ ಕೆಟ್ಟುಹೋದ ಫೋನಿನ ಮೆಮರಿ ಕಾರ್ಡನ್ನು ಸೆರಗಿನ ಗಂಟಿನಿಂದ ಬಿಚ್ಚಿ ಕೊಟ್ಟಳು. ಅದರಲ್ಲೊಂದು ಚಿತ್ರ: ತೋಟದಲ್ಲಿ ನಾಲ್ಕು ವರ್ಷದ ಮಗಳು ಎದುರಿಗಿದ್ದ ಯಾರನ್ನೋ ನೋಡಿ ಬಿದ್ದು ಬಿದ್ದು ನಗುತ್ತಿದ್ದಾಳೆ. ಅವಳ ಕಾಲಬುಡದವರೆಗೆ ಚಾಚಿದೆ ಚಿತ್ರ ತೆಗೆದವನ ಉದ್ದ ನೆರಳು.

"ಈ ನೆಳ್ಳ ತಗದು ಕೊಡ್ರಿ ಅಕ್ಕಾರ" ಎಂದಳು.

ತಲೆಯಾಡಿಸಿದೆ. ನಮ್ಮ ಕೆಲಸದಲ್ಲಿ ನೆರಳೆಂದರೆ ದೋಷ. ಕಾರ್ಡಿನಲ್ಲಿದ್ದ ಚಿತ್ರವನ್ನೇ ತೆರೆದು, ನೆರಳನ್ನು ಅಳಿಸಿ, ಮಣ್ಣಿನ ಬಣ್ಣ ತುಂಬಿ, ಅದರ ಮೇಲೆಯೇ ಸೇವ್ ಮಾಡಿದೆ. ಕೆಲಸ ಅಚ್ಚುಕಟ್ಟಾಗಿತ್ತು.

ಮರುದಿನ ಪ್ರಿಂಟ್ ಕೈಗೆ ಬಂದಾಗ ಹಣಮವ್ವ ಅದರಲ್ಲಿ ಹುಡುಕತೊಡಗಿದಳು. ತಿರುಗಿಸಿ ಹಿಂಬದಿಯನ್ನೂ ನೋಡಿದಳು.

"ಅವರೆಲ್ಲಿ ಹೋದ್ರೀ ಅಕ್ಕಾರ?"

"ಯಾರು?"

"ನಮ್ಮ ಮನಿಯವರ್ರಿ. ಅವರದು ಬ್ಯಾರೆ ಫೋಟೊ ಇಲ್ರಿ, ಆಧಾರ್ ಕಾರ್ಡಿನ್ಯಾಗ ಅಂಜಿ ಕುಂತಾರ. ಇದರಾಗ ಮಗಳ್ನ ನಗಸಾಕ ಹತ್ತಿದ್ರು. ಆ ನೆಳ್ಳ ದೊಡ್ಡದು ಮಾಡಿ ತಗದು ಕೊಡ್ತೀರಿ ಅಂತ ಬಂದಿದ್ನಲ್ರಿ, ಗ್ವಾಡಿಗೆ ಹಾಕಾಕ."

ಸಂಜೆಯವರೆಗೆ ಕಾರ್ಡನ್ನು ಜಾಲಾಡಿದೆ. ಮಾಲೀಕರು ಕೊಪ್ಪಳದಲ್ಲಿ ಇಂಥದ್ದು ಬಲ್ಲವರಿಗೂ ಕಳಿಸಿ ನೋಡಿದರು. ಹಳೆಯ ಚಿತ್ರ ಮರಳಿ ಸಿಗಲಿಲ್ಲ. ಭಾಷೆಯ ಮೇಲೆ ತಪ್ಪು ಹೊರಿಸಲಾರೆ. ತೆಗೆಯುವುದು ಎಂಬ ಮಾತು ಕೊಳ್ಳೇಗಾಲದಲ್ಲೂ ಇದೆ, ಅಳಿಸುವುದು, ಫೋಟೊ ತೆಗೆದುಕೊಡುವುದು ಎಂಬ ಎರಡೂ ಅರ್ಥದಲ್ಲಿ. ಅಳಿಸಬೇಕೇ ಎಂದು ಒಂದು ಮಾತು ಕೇಳಬಹುದಿತ್ತು. ಮತ್ತೆ ನಕ್ಕಾರೆಂದು ಕೇಳಲಿಲ್ಲ.

ಅವಳ ಮನೆಗೆ ಹೋಗಿ ಹೇಳಿದೆ. ಬೈಯಲಿಲ್ಲ. ಚಹಾ ಕೊಟ್ಟು, "ಇರ್ಲಿ ಬಿಡ್ರಿ. ನೀವು ಹೊರಗಿನವರು, ನಿಮಗೇನು ಗೊತ್ತು" ಎಂದಳು. ಚಹಾದ ಲೋಟವನ್ನು ಅಲ್ಲೇ ಇಟ್ಟು ಎದ್ದು ಬಂದೆ.

ಮೊನ್ನೆ ಅವ್ವನಿಗೆ ಫೋನಿನಲ್ಲಿ ಇದನ್ನೆಲ್ಲ ಹೇಳಿ, ಊರಿಗೇ ಬಂದುಬಿಡಲೇ ಎಂದು ಕೇಳುವವಳಿದ್ದೆ. ಅಷ್ಟರಲ್ಲಿ ಅವಳೇ, "ನಿನ್ ಮಾತೆಲ್ಲ ಆ ಕಡೇರಂಗೇ ಆಗೋಯ್ತಲ್ಲ ಕನವ್ವ" ಎಂದಳು. ರೊಟ್ಟಿ ತಟ್ಟಬೇಕೆಂದು ಹೇಳಿ ಫೋನಿಟ್ಟೆ.

ಹಣಮವ್ವನ ಮನೆ ನಾನು ಸ್ಟುಡಿಯೊಗೆ ಹೋಗುವ ದಾರಿಯಲ್ಲೇ ಇದೆ. ಈಗ ದಿನವೂ ಸುತ್ತು ಹಾಕಿ ಹೋಗುತ್ತೇನೆ. ಆ ಒಂದು ಬಾಗಿಲನ್ನು ತಪ್ಪಿಸಲು ಹೋಗಿ ಈ ಊರಿನ ಓಣಿಗಳೆಲ್ಲ ಪರಿಚಯವಾಗಿವೆ.